ಲಾಳಿಗೆ ತಮಿಳು ಬರುವುದಿಲ್ಲ

ನನ್ನ ಸೋದರಮಾವನಷ್ಟು ಪುಕ್ಕಲ ಮನುಷ್ಯ ಇಡೀ ಕೋಯಮತ್ತೂರು ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ತಿರುಪ್ಪೂರು ಜಿಲ್ಲೆಯಲ್ಲಿ ಇದ್ದರೂ ಇರಬಹುದು, ಅಲ್ಲಿ ನಾನು ಪೂರ್ತಿ ವಿಚಾರಿಸಿಲ್ಲ! ಇಷ್ಟು ಧೈರ್ಯವಾಗಿ ಇದನ್ನು ಬರೆಯುವುದಕ್ಕೆ ಕಾರಣವಿದೆ. ನಾವು ತಲೆತಲಾಂತರದಿಂದ ಈ ಕಡೆ ನೆಲೆಸಿದ ನೇಕಾರರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಶಾಲೆಯಲ್ಲಿ ಕಲಿತದ್ದೂ ತಮಿಳೇ ಆದ್ದರಿಂದ ಮಾವನಿಗೆ ಕನ್ನಡದ ಒಂದಕ್ಷರವೂ ಓದಲು ಬಾರದು. ನಾನು ಮೈಸೂರಿಗೆ ಸೊಸೆಯಾಗಿ ಹೋಗಿ ಅಕ್ಷರ ಕಲಿತು, ಗಂಡನಿಗೆ ವರ್ಗವಾದ ಪುಣ್ಯದಿಂದ ಮತ್ತೆ ಈ ಊರಿಗೇ ಬಂದು ಮಾವನ ಮನೆಯ ಹತ್ತಿರವೇ ಮನೆ ಮಾಡಿದವಳು. ಹಾಗಾಗಿ ಇಲ್ಲಿ ಏನು ಬೇಕಾದರೂ ಬರೆಯಬಹುದು.

ಮಾವನಿಗೆ ಹಲ್ಲಿ ಕಂಡರೆ ಭಯ, ಲಿಫ್ಟು ಕಂಡರೆ ಭಯ, ಕುಕ್ಕರಿನ ಮೂರನೆಯ ಸೀಟಿ ಎಂದರೆ ಭಯ. ಎಲ್ಲಕ್ಕಿಂತ ದೊಡ್ಡ ಭಯ ಸೂಜಿಯದು. ಒಮ್ಮೆ ನೇಕಾರರ ಸಂಘದವರು ರಕ್ತ ಪರೀಕ್ಷೆಯ ಶಿಬಿರ ಇಟ್ಟಿದ್ದರು. ನರ್ಸಮ್ಮ ತೋಳಿಗೆ ರಬ್ಬರು ಕಟ್ಟಿದಳು. "ಒಂದ್ ನಿಮಿಷ, ನೀರ್ ಕುಡ್ಕಂಡು ಬರ್ತೀನಿ" ಎಂದು ಎದ್ದು ಹೋದ ಮಾವ ಸಂಜೆ ಪಲ್ಲಡಂ ಬಸ್ ನಿಲ್ದಾಣದಿಂದ ಫೋನ್ ಮಾಡಿದರು. "ಅವ್ರು ಹೋದ್ರಾ?" ತೋಳಿನಲ್ಲಿ ರಬ್ಬರು ಇನ್ನೂ ಹಾಗೇ ಇತ್ತಂತೆ.

ಇನ್ನೊಂದು ವಿಶೇಷ. ಮಾವನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಮನೆಯ ಹಿಂದೆಯೇ ಪವರ್‌ಲೂಮಿನ ಶೆಡ್ಡು. ಹುಡುಗನಾಗಿದ್ದಾಗಿನಿಂದ ಆ ಸದ್ದಿನ ಮೇಲೆ ಕೂಗಿ ಕೂಗಿ, ಪಿಸುಮಾತು ಎಂಬುದೇ ಅವರ ಗಂಟಲಿಗೆ ಮರೆತುಹೋಗಿದೆ. ನನ್ನನ್ನು ನೋಡಲು ಗಂಡಿನವರು ಬಂದಾಗ ತಮ್ಮ ಹೆಂಡತಿಯ, ಅಂದರೆ ನನ್ನ ಅತ್ತೆಯ, ಕಿವಿಯ ಹತ್ತಿರ ಬಾಗಿ, "ಹುಡ್ಗ ಪರವಾಗಿಲ್ಲ, ಹಲ್ಲು ಮಾತ್ರ ಒಂಚೂರು ಮುಂದೆ" ಎಂದು ಗುಟ್ಟಾಗಿ ಹೇಳಿದರು. ಪಕ್ಕದ ಬೀದಿಯವರಿಗೂ ಕೇಳಿಸಿತು! ಆ ಹುಡುಗನೇ ಈಗ ನನ್ನ ಗಂಡ. ಮಾವನೆದುರು ಇವತ್ತಿಗೂ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಾರೆ.

ಇಂಥ ಮಾವ ಹೆದರದ ಪ್ರಾಣಿ ಜಗತ್ತಿನಲ್ಲಿ ಒಂದೇ ಇತ್ತು, ಅವರ ನಾಯಿ. ಮರಿಯಾಗಿದ್ದಾಗ ಮಗ್ಗಗಳ ನಡುವೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಓಡುತ್ತಿತ್ತು. ನೂಲು ಹೊತ್ತು ಹಾಗೇ ಓಡಾಡುವ ಲಾಳಿಯ ಹೆಸರನ್ನೇ ಅದಕ್ಕೂ ಇಟ್ಟರು. ಲಾಳಿಯ ನಿದ್ದೆಯೂ ಲೋಕದ ನಿದ್ದೆಯಂಥದ್ದಲ್ಲ. ಮಗ್ಗಗಳೆಲ್ಲ ಲಟಲಟ ಹೊಡೆದುಕೊಳ್ಳುವಾಗ ಅವುಗಳ ಮಧ್ಯದ ಓಣಿಯಲ್ಲಿ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಗಾಢವಾಗಿ ಮಲಗುತ್ತಿತ್ತು. ಕರೆಂಟು ಹೋಗಿ ಸದ್ದು ನಿಂತರೆ ಸಾಕು, ಧಡಕ್ಕನೆ ಎದ್ದು ಬೀದಿಗೆ ಓಡಿ ಕರೆಂಟಿನ ಕಂಬಕ್ಕೆ ಬೊಗಳುತ್ತಿತ್ತು! "ನಾವು ಇಬಿ ಆಫೀಸ್ಗೆ ಫೋನ್ ಮಾಡ್ಬೇಕಾಗೇ ಇಲ್ಲ, ನಮ್ ಲಾಳಿನೇ ಕಂಪ್ಲೇಂಟ್ ಕೊಡ್ತಾಳೆ" ಎಂದು ಮಾವ ಬೀಗುತ್ತಿದ್ದರು.

ಈಗ ಲಾಳಿಗೆ ಮುಪ್ಪು ಬಂದಿತ್ತು. ಹಿಂಗಾಲು ಬಿದ್ದುಹೋಗಿ, ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಮಗ್ಗುಲು ಬದಲಿಸಿದರೆ ನರಳುತ್ತಿತ್ತು. ಊರಿನ ಪಶುವೈದ್ಯೆ ಮಾವನನ್ನು ಕೂರಿಸಿಕೊಂಡು, ಇನ್ನು ಔಷಧವಿಲ್ಲ, ನೋವು ಹೆಚ್ಚುತ್ತಲೇ ಹೋಗುತ್ತದೆ, ಸೂಜಿ ಚುಚ್ಚಿ ನೋವಿಲ್ಲದೆ ಕಳಿಸಿಕೊಡುವ ಕರುಣೈಕ್ಕೊಲೈ ಬಗ್ಗೆ ಯೋಚಿಸಿ ಎಂದರು. ಡಾಕ್ಟರಮ್ಮ ಹೇಳಿದ ಆ ತಮಿಳು ಮಾತಿನಲ್ಲಿ ಕರುಣೆಯೂ ಇದೆ, ಕೊಲೆಯೂ ಇದೆ. ಮಾವನಿಗೆ ಕೇಳಿಸಿದ್ದು ಕೊಲೆ ಒಂದೇ. ಮನೆಗೆ ಬಂದವರು ಚಪ್ಪಲಿಯನ್ನೂ ಬಿಚ್ಚದೆ ನಡುಮನೆಯಲ್ಲಿ ನಿಂತು, "ಕೊಲೆಯಂತೆ ಕಣ್ಣೂ! ನಾನ್ ಹೂಂ ಅನ್ಬೇಕಂತೆ!" ಎಂದು ನನ್ನ ಮುಖ ನೋಡಿದರು. ಮುದ್ದಿನವರನ್ನೆಲ್ಲ ಮಾವ ಕರೆಯುವುದು ತಮಿಳರ ಹಾಗೆ ಕಣ್ಣೂ ಎಂದೇ.

ಅವತ್ತೇ ಮನೆಯಲ್ಲಿ ಹೊಸ ಕಾನೂನು ಜಾರಿಗೆ ಬಂತು. ಈ ವಿಷಯವನ್ನು ಲಾಳಿಯ ಎದುರು ಕನ್ನಡದಲ್ಲಿ ಎತ್ತಕೂಡದು! ಮಾವನಿಗೆ ಪಿಸುಗುಟ್ಟಲು ಬರುವುದಿಲ್ಲವಲ್ಲ, ಬೇರೆ ದಾರಿ ಎಲ್ಲಿದೆ?

"ನಮ್ ಲಾಳಿಗೆ ತಮಿಳ್ ಬರಲ್ಲ. ನಾವು ಅವಳತ್ರ ಎಂದಾದ್ರೂ ತಮಿಳ್ ಮಾತಾಡಿದ್ದೀವಾ?"

"ಹೌದಾ? ಬೀದಿ ನಾಯಿಗಳತ್ರ ಇಷ್ಟು ವರ್ಷ ಜಗಳ ಆಡಿದ್ದು ಮತ್ತೆ ಯಾವ ಭಾಷೇಲಿ?" ಎಂದರು ಅತ್ತೆ.

ಮಾವ, "ಜಗಳಕ್ಕೆ ಭಾಷೆ ಯಾಕೆ? ನೀನೂ ನಾನೂ ಆಡಲ್ವಾ?" ಎಂದರು.

ತಮಿಳು ಶುರುವಾಯಿತು. ಆದರೆ ನಮ್ಮ ಕಷ್ಟ ನೋಡಿ! ಸೂಜಿಯನ್ನು ಊಸಿ ಎಂದು ಬಚ್ಚಿಟ್ಟೆವು. ಆದರೆ ನಾಯಿ ಕನ್ನಡದಲ್ಲೂ ನಾಯಿ, ತಮಿಳಿನಲ್ಲೂ ನಾಯಿಯೇ. ಸಾವು ಎರಡರಲ್ಲೂ ಸಾವೇ. ಯಾವ ಎರಡು ಮಾತು ಬಚ್ಚಿಡಬೇಕೋ ಅವೇ ಎರಡೂ ಕಡೆ ಬಟ್ಟೆ ಬಿಚ್ಚಿಕೊಂಡು ನಿಂತಿದ್ದವು. ಕೊನೆಗೆ ಮಾವನೇ ಉಪಾಯ ಕಂಡುಹಿಡಿದರು. ಸಾವು ಅನ್ನಬಾರದು, ಊಸಿ ಎಂದರೆ ಸಾಕು. ನಾಯಿ ಅನ್ನಬಾರದು, ಪಾಟಿ ಅನ್ನಬೇಕು. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ವಯಸ್ಸಾದ ಲಾಳಿಗೆ ಮರ್ಯಾದೆ ಕೊಟ್ಟ ಹಾಗೂ ಆಯಿತಲ್ಲ!

ಮನೆಯಲ್ಲಿ ನಿಜವಾದ ಅಜ್ಜಿಯೂ ಒಬ್ಬರಿದ್ದಾರೆ, ಮಾವನ ತಾಯಿ, ಎಂಬುದು ಯಾರಿಗೂ ಹೊಳೆಯಲಿಲ್ಲ.

ಅಜ್ಜಿ ಇಡೀ ದಿನ ಜಗುಲಿಯ ಮೇಲೆ ಕೂತಿರುತ್ತಾರೆ. ಇವರೆಲ್ಲ ಇದ್ದಕ್ಕಿದ್ದ ಹಾಗೆ ಒಳಗೆ ತಮಿಳು ಮಾತಾಡುತ್ತಿರುವುದೇ ಅವರಿಗೆ ಅನುಮಾನವಾಗಿತ್ತಂತೆ. ಒಂದು ಬೆಳಿಗ್ಗೆ ಮಾವ ತಮಿಳಿನಲ್ಲಿ ಬೊಬ್ಬೆ ಹೊಡೆದರು: "ಪಾಟಿಕ್ಕು ಊಸಿ ಪೋಟ್ಟುಡಲಾಮಾ? ಎತ್ತನೆ ನಾಳ್ ಇಪ್ಪಡಿ ಕಷ್ಟಪ್ಪಡುವಾಂಗ?" ಪಾಟಿಗೆ ಊಸಿ ಹಾಕಿಸಿಬಿಡೋಣವಾ, ಎಷ್ಟು ದಿನ ಹೀಗೆ ಕಷ್ಟಪಡುತ್ತಾರೆ ಎಂದು. ಅತ್ತೆ ಒಳಗಿನಿಂದಲೇ, ಹೇಗೂ ವಯಸ್ಸಾಯಿತು ಎಂದರು.

ಅವತ್ತು ಅಜ್ಜಿ ಬಿಪಿ ಮಾತ್ರೆ ಉಗುಳಿದರು. ಅತ್ತೆ ಕೊಟ್ಟ ಕಾಫಿಯನ್ನು ಮೊದಲು ಅತ್ತೆಗೇ ಕುಡಿಸಿದರು. ನಾನು ಹೋದಾಗ ಸೀರೆ ಗಂಟು ಕಟ್ಟಿಕೊಂಡು ಕೂತಿದ್ದರು. "ಪೋತ್ತನೂರಿಗೆ ಹೋಯ್ತೀನಿ, ನನ್ ಮಗಳ್ ಮನೆಗೆ. ನಾನ್ ಯಾರಿಗೂ ಕಷ್ಟ ಕೊಟ್ಟಿಲ್ಲ. ಇನ್ನೂ ಹಲ್ಲಿದೆ, ಮುರುಕು ಚಕ್ಕುಲಿ ಎಲ್ಲಾ ಕಡೀತೀನಿ!" ಎಂದು ಅಳತೊಡಗಿದರು. ವಿಷಯ ಬಿಡಿಸಿ ಹೇಳಿದಾಗ ಕಣ್ಣೊರೆಸಿಕೊಂಡು ಒಳಗಿದ್ದ ಲಾಳಿಯ ಕಡೆ ನೋಡಿದರು. "ಪಾವಂ, ಪಾಪದ್ದು. ನನಗೆ ಒಂದ್ ಬೆಳಿಗ್ಗೆ ಇಷ್ಟು ಹೆದ್ರಿಕೆ ಆಯ್ತಲ್ಲ, ಅವಳಿಗೆ ಎಷ್ಟ್ ದಿನದಿಂದ ಆಗ್ತಿದೆಯೋ" ಎಂದರು.

ಡಾಕ್ಟರಮ್ಮ ಮನೆಗೇ ಬಂದು ನೋಡಿದರು. ಗೇಟಿನಲ್ಲೇ ಮಾವ ತಡೆದು, ದಯವಿಟ್ಟು ತಮಿಳಿನಲ್ಲೇ ಮಾತಾಡಿ ಎಂದು ಕೈಮುಗಿದರು. ಆಕೆಗೆ ಬರುವುದೇ ತಮಿಳು! ಕಾರಣ ಕೇಳಿ ನಗಲಿಲ್ಲ, ಒಳ್ಳೆಯ ಹುಡುಗಿ. ಲಾಳಿಯ ಬೆನ್ನ ಹಿಂದೆ ಕೂತು ಜೋರಾಗಿ ಚಪ್ಪಾಳೆ ತಟ್ಟಿದರು. ಕಿವಿ ಅಲ್ಲಾಡಲಿಲ್ಲ. ಇನ್ನೊಮ್ಮೆ ತಟ್ಟಿದರು. ಇದಕ್ಕೆ ಕಿವಿ ಹೋಗಿ ಬಹಳ ಕಾಲವಾಗಿದೆ ಸಾರ್ ಎಂದರು.

"ಅದೆಂಗೆ? ಮಗ್ಗ ನಿಂತ್ರೆ ಈಗ್ಲೂ ಎದ್ದೇಳಕ್ಕೆ ನೋಡ್ತಾಳಲ್ಲ?"

ಗಾಬರಿಯಲ್ಲಿ ಮಾವ ಕನ್ನಡದಲ್ಲೇ ಕೂಗಿಬಿಟ್ಟಿದ್ದರು, ನಾವು ಅದನ್ನು ತಮಿಳಿನಲ್ಲಿ ಕೇಳಿದೆವು. ಡಾಕ್ಟರಮ್ಮ ಅಂಗೈಯನ್ನು ನೆಲಕ್ಕೆ ಒತ್ತಿ ತೋರಿಸಿದರು. ಮಗ್ಗದ ನಡುಕ ನೆಲದಲ್ಲಿ ಹರಿದು ಲಾಳಿಯ ಹೊಟ್ಟೆಗೆ ತಿಳಿಯುತ್ತಿತ್ತು, ಕಿವಿಗಲ್ಲ.

ಆಕೆ ಹೋದ ಮೇಲೆ ಮಾವ ಪೆಚ್ಚಾಗಿ ಕೂತರು. "ಹಂಗಾದ್ರೆ ಇಷ್ಟ್ ದಿನ ನಾವ್ ತಮಿಳ್ ಮಾತಾಡಿದ್ದು ಯಾರಿಗೆ ತಿಳೀಬಾರ್ದು ಅಂತ?"

"ನಮಗೇ" ಎಂದರು ಅತ್ತೆ.

ಅಂದಿನಿಂದ ಮಾವನಿಗೆ ಹೊಸ ಭಯ ಹಿಡಿಯಿತು. ಮಗ್ಗ ನಿಂತರೆ ಲಾಳಿ ಏಳಲು ಹೋಗುತ್ತದೆ. ಎದ್ದರೆ ನೋವು. ಹಾಗಾಗಿ ಮಗ್ಗ ನಿಲ್ಲಿಸಲೇಬಾರದು! ಊಟದ ಹೊತ್ತಿನಲ್ಲೂ ಓಡಿಸಿದರು, ಭಾನುವಾರವೂ ಓಡಿಸಿದರು. ಫ್ಯಾನು ನಿಧಾನವಾದರೆ ಎದೆ ಹಿಡಿದುಕೊಳ್ಳುತ್ತಿದ್ದರು. ನನ್ನ ಮನೆಯಲ್ಲಿ ಲೈಟು ಮಿನುಗಿದರೂ ನಾನು ಅವರಿಗೆ ಫೋನ್ ಮಾಡುತ್ತಿದ್ದೆ. ಆದರೆ ಒಂದು ಮಧ್ಯಾಹ್ನ ನಾನಲ್ಲಿರುವಾಗಲೇ ಕರೆಂಟು ಹೋಯಿತು. ಲಾಳಿ ಕಣ್ಣು ಬಿಟ್ಟಿತು. ಕಂಬಕ್ಕೆ ಬೊಗಳುವ ತನ್ನ ಕೆಲಸ ನೆನಪಾಗಿ ಮುಂಗಾಲೂರಿ ಎದ್ದಿತು, ಹಿಂಗಾಲು ಬರಲಿಲ್ಲ. ಆಗ ಕಿರುಚಿದ ಕಿರುಚು ನನ್ನ ಕಿವಿಯಲ್ಲಿ ಇನ್ನೂ ಇದೆ. ಕರೆಂಟು ಬರುವವರೆಗೂ ಮಾವ ಓಣಿಯಲ್ಲಿ ಅದರ ಪಕ್ಕ ಬೋರಲಾಗಿ ಮಲಗಿ ನೆಲವನ್ನು ಎರಡೂ ಮುಷ್ಟಿಯಿಂದ ಗುದ್ದುತ್ತಿದ್ದರು, ಮಗ್ಗದ ಹಾಗೆ.

ಅದೇ ವಾರ ಸುದ್ದಿ ಬಂತು, ನಾಳೆ ರಿಪೇರಿ ಕೆಲಸವಿದೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟಿಲ್ಲ. ಮಾವ ಲಾಳಿಯ ಎದುರಿಗೇ ನಿಂತು ಕನ್ನಡದಲ್ಲೇ ಹೇಳಿದರು. "ಡಾಕ್ಟ್ರಮ್ಮನಿಗೆ ಹೇಳು ಕಣ್ಣೂ. ಇವತ್ತೇ ಬರ್ಲಿ."

ಮಾವ ಪಲ್ಲಡಂ ಬಸ್ಸು ಹತ್ತುತ್ತಾರೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಅತ್ತೆ ಅವರ ಚಪ್ಪಲಿಯನ್ನು ಬಾಗಿಲ ಹತ್ತಿರವೇ ಇಟ್ಟಿದ್ದರು. ಮಾವ ಬಸ್ಸು ಹತ್ತಲಿಲ್ಲ. ಕೆಲಸದವರನ್ನು ಮನೆಗೆ ಕಳಿಸಿ, ಒಂದೊಂದೇ ಮಗ್ಗವನ್ನು ತಾವೇ ಶುರು ಮಾಡಿದರು. ಡಾಕ್ಟರಮ್ಮನ ಚೀಲದ ವಾಸನೆಗೆ ಅದುರುತ್ತಿದ್ದ ಲಾಳಿಯನ್ನು ಓಣಿಯಲ್ಲಿ ಮಲಗಿಸಿದರು. ಸ್ವಲ್ಪ ಹೊತ್ತಿಗೆ ಅದುರುವುದು ನಿಂತಿತು. ಗಲ್ಲವನ್ನು ನೆಲಕ್ಕಿಟ್ಟಿತು. ಮೊದಲ ಸೂಜಿ ನಿದ್ದೆಗೆ, ಎರಡನೆಯದು ಕೊನೆಯದು. ಸೂಜಿ ಕಂಡರೆ ಊರು ಬಿಡುವ ಮಾವ ಲಾಳಿಯ ಕಾಲನ್ನು ತಾವೇ ಹಿಡಿದುಕೊಂಡು, ಎರಡನ್ನೂ ಕಣ್ಣು ಬಿಟ್ಟು ನೋಡಿದರು. ನನಗೆ ನೋಡಲಾಗಲಿಲ್ಲ.

ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪು ಇಟ್ಟು, ಆ ಸದ್ದಿನಲ್ಲಿ ಕೇಳಿಸದೆ, ಬೆರಳಿಂದ ಒತ್ತಿ ನೋಡಿ ತಲೆಯಾಡಿಸಿದರು. ಮಾವ ಅಲ್ಲಾಡಲಿಲ್ಲ. ಆಕೆ ಹೋದರು. ಆಮೇಲೂ ಮಗ್ಗಗಳು ಓಡುತ್ತಲೇ ಇದ್ದವು.

"ಸಾಕು, ಇನ್ ನಿಲ್ಸಿ" ಎಂದು ಅತ್ತೆ ಕೂಗಿದರು.

"ಬ್ಯಾಡ!" ಎಂದು ಮಾವ ಅದಕ್ಕಿಂತ ಜೋರಾಗಿ ಕೂಗಿದರು. "ನಿಲ್ಸಿದ್ರೆ ಎದ್ಬಿಡ್ತಾಳೆ!"

ಜಗುಲಿಯಿಂದ ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಮಗನ ತಲೆಯ ಮೇಲೆ ಕೈ ಇಟ್ಟರು. ಬಹಳ ಹೊತ್ತಾದ ಮೇಲೆ ಮಾವ ಎದ್ದು ಹೋಗಿ ಮೇನ್ ಸ್ವಿಚ್ಚು ಎಳೆದರು. ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತವು. ನಾವು ನಾಲ್ವರೂ ಲಾಳಿಯನ್ನೇ ನೋಡಿದೆವು. ನನಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ. ಎದ್ದುಬಿಟ್ಟರೆ ಎಂದೋ, ಏಳದಿದ್ದರೆ ಎಂದೋ, ಇವತ್ತಿಗೂ ತಿಳಿಯದು.

ಲಾಳಿ ಏಳಲಿಲ್ಲ. ಮಾವ ಅದರ ಪಕ್ಕ ಕೂತು, ಕಿವುಡು ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದರು. ಪಕ್ಕದ ಬೀದಿಗಲ್ಲ, ಪಕ್ಕದಲ್ಲೇ ನಿಂತಿದ್ದ ನನಗೂ ಅದು ಕಷ್ಟಪಟ್ಟು ಕೇಳಿಸಿತು.

"ಕರೆಂಟ್ ಹೋಗಿಲ್ಲ ಕಣ್ಣೂ. ನಾನೇ ನಿಲ್ಸಿದ್ದು. ನೀ ಮಲ್ಕ."