ಹಳೇ ಪುಸ್ತಕದಂಗಡಿಯ ಹೊಸ ಫಜೀತಿಗಳು

ತೊಂಬತ್ತರ ದಶಕದಲ್ಲಿ ಜಯನಗರದ ಒಂದು ಅಡ್ಡರಸ್ತೆಯಲ್ಲಿ, ಟೈಲರ್ ಅಂಗಡಿಗೂ ಹಿಟ್ಟಿನ ಮಿಲ್ಲಿಗೂ ನಡುವೆ, ಒಂದು ಸಣ್ಣ ಮಳಿಗೆ ಹಿಡಿದು ಹಳೇ ಪುಸ್ತಕ ಮಾರೋಕೆ ಕೂತೆ. ಪುಸ್ತಕದಂಗಡಿ ಅಂದ್ರೆ ನಿಶ್ಶಬ್ದ, ಶಾಂತಿ ಅಂತ ಅಂದುಕೊಂಡಿದ್ದೆ. ಪುಸ್ತಕಗಳೇನೋ ಮೇಲೆ ರಾಗಿಹಿಟ್ಟಿನ ಧೂಳು ಹೊದ್ದುಕೊಂಡು ಶಾಂತವಾಗೇ ಇದ್ದವು. ತೊಂದರೆ ಇದ್ದದ್ದು ಮನುಷ್ಯರ ಕಡೆಯಿಂದ. ವಾರಕ್ಕೊಂದಾದರೂ ಎಡವಟ್ಟು ಆಗದೆ ನಾನು ಶಟರ್ ಇಳಿಸಿದ್ದು ನೆನಪಿಲ್ಲ.

ಯಾವ ಊರಿನ ಪುಸ್ತಕ?

ಶುರುವಿನಲ್ಲಿ ಪುಸ್ತಕಗಳೆಲ್ಲ ಗುಡ್ಡೆ ಬಿದ್ದಿದ್ದವು. ನನ್ನ ಭಾವಮೈದ ಟಪಾಲು ವಿಂಗಡಿಸೋ ಕೆಲಸದಲ್ಲಿ ಹಳಬ. ರಜಾದಲ್ಲಿ ಬಂದಿದ್ದವನು, "ಭಾವ, ಜೋಡಿಸೋದು ನನಗೆ ಬಿಡಿ" ಅಂದ. ಕೀ ಕೊಟ್ಟು ಮೂರು ದಿನ ತುಮಕೂರಿಗೆ ಮದುವೆಗೆ ಹೋದೆ.

ಬಂದು ನೋಡಿದರೆ ಅಂಗಡಿ ಫಳಫಳ ಅಂತಿದೆ. ಆದರೆ ಅಡುಗೆ ಪುಸ್ತಕದ ಪಕ್ಕ ಉಪನಿಷತ್ತು, ಅದರ ಪಕ್ಕ ಕೋಳಿ ಸಾಕಾಣಿಕೆ. ಇದೇನಪ್ಪಾ ಅಂತ ಕೇಳಿದೆ. ಪ್ರಕಾಶಕರ ವಿಳಾಸ ನೋಡಿ ಊರುವಾರು ಹಾಕಿದೀನಿ ಅಂದ. ಮೈಸೂರಿಂದು ಒಂದು ರ್‍ಯಾಕು, ಧಾರವಾಡದ್ದು ಒಂದು, ಮಂಗಳೂರಿಂದು ಇನ್ನೊಂದು. ಮೊದಲ ಪುಟ ಹರಿದುಹೋದವನ್ನೆಲ್ಲ ಮೂಲೆಗೆ ತಳ್ಳಿ, ಮೇಲೆ 'ವಿಳಾಸ ಅಪೂರ್ಣ' ಅಂತ ಚೀಟಿ ಅಂಟಿಸಿದ್ದ.

ಬೈಯೋಣ ಅಂತ ಬಾಯಿ ತೆಗೆಯೋ ಹೊತ್ತಿಗೆ ಒಬ್ಬ ಹೆಂಗಸು ಬಂದು ಜ್ಯೋತಿಷ್ಯದ ಪುಸ್ತಕ ಇದೆಯಾ ಅಂದರು. ಇವನು ಮುಂದೆ ಹೋಗಿ, "ಯಾವ ಊರು ಮೇಡಂ?" ಅಂದ.

"ಗಿರಿನಗರ."

"ನಿಮ್ಮದಲ್ಲ, ಪುಸ್ತಕದ್ದು."

ಭಾನುವಾರ ಎಲ್ಲ ಕಿತ್ತು ಮತ್ತೆ ಜೋಡಿಸೋದು ಅಂತ ತೀರ್ಮಾನ ಮಾಡಿದೆ. ಶನಿವಾರ ಸಂಜೆ ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ಹುಬ್ಬಳ್ಳಿ ಕಡೆಯವರೊಬ್ಬರು ಬಂದರು. ಧಾರವಾಡದ ರ್‍ಯಾಕಿನ ಮುಂದೆ ನಿಂತವರು ಅಲ್ಲಾಡಲೇ ಇಲ್ಲ. "ಬೆಂಗಳೂರಾಗ ನಮ್ಮ ಕಡೀದು ಅಂತ ಇದೊಂದು ಕಪಾಟು ಸಿಕ್ತು ನೋಡ್ರೀ" ಅಂತ ಹೇಳಿ ಎರಡು ಕೈ ತುಂಬಾ ಪುಸ್ತಕ ತಗೊಂಡರು. ಮುಂದಿನ ವಾರ ರೂಮಿನ ನಾಲ್ಕು ಜನರನ್ನೂ ಕರೆತಂದರು.

ಸರಿ, ಆ ರ್‍ಯಾಕು ಹಾಗೇ ಇರಲಿ ಅಂದೆ. ಭಾವಮೈದ ಮೂಲೆ ತೋರಿಸಿ, "ಇವೂ ಇರಲಿ ಭಾವ. ಆರು ತಿಂಗಳು ನೋಡೋಣ, ಯಾರೂ ಕೇಳ್ದಿದ್ರೆ ವಾಪಸ್ ಕಳಿಸ್ಬಿಡೋಣ" ಅಂದ.

ಕಾಂಕ್ರೀಟಿಗೆ ಮೆಂತ್ಯ

ಚಿಕ್ಕಲಸಂದ್ರದ ಒಬ್ಬ ಗೃಹಿಣಿ ಮಗಳಿಗೆ ಗಣಿತದ ಪುಸ್ತಕ ಹುಡುಕೋಕೆ ಬಂದವರು ಕಾಂಕ್ರೀಟ್ ಬಗೆಗಿನ ಒಂದು ದಪ್ಪ ಎಂಜಿನಿಯರಿಂಗ್ ಪುಸ್ತಕ ಹಿಡಿದು ನಿಂತುಬಿಟ್ಟರು. ಮನೆ ಕಟ್ಟಿಸ್ತಿದ್ದೀರಾ ಅಂತ ಕೇಳಿದೆ.

"ಇಲ್ಲ, ಹುಳಿಪುಡಿಗೆ ಮೆಂತ್ಯ ಎಷ್ಟು ಅಂತ ನೋಡ್ತಿದೀನಿ" ಅಂದರು.

ಕೊನೆಯ ಖಾಲಿ ಹಾಳೆಯಲ್ಲಿ ಯಾರೋ ದುಂಡಗೆ ಹುಳಿಪುಡಿ ಮಾಡೋ ವಿಧಾನ ಬರೆದಿದ್ದರು. ಬರಕೊಂಡು ಹೋಗಿ ಅಂತ ಪೇಪರು ಕೊಟ್ಟೆ. ಅದು ಕದ್ದಂಗಾಗುತ್ತೆ ಅಂತ ಪುಸ್ತಕವನ್ನೇ ಕೊಂಡು, ಇಂಥವು ಇನ್ನೂ ಬಂದರೆ ತಿಳಿಸಿ ಅಂತ ಫೋನ್ ನಂಬರ್ ಕೊಟ್ಟುಹೋದರು.

ತಿಂಗಳಾದ ಮೇಲೆ ಅದನ್ನು ನನಗೆ ಮಾರಿದ್ದ ಎಂಜಿನಿಯರು ಓಡಿಬಂದ. ಅದು ಅವನ ತಾಯಿಯ ಕೈಬರಹ. ಈಗ ಮದುವೆಯಾಗಿದೆ, ಹೆಂಡತಿ ಕೇಳ್ತಿದ್ದಾಳೆ. ಅಮ್ಮ ನೋಡಿದರೆ, ಒಂದ್ಸಲ ಬರೆದುಕೊಟ್ಟಿದೀನಲ್ಲ, ಎಲ್ಲಿಟ್ಟೆ ಅಂತ ಜೋರು ಮಾಡ್ತಿದ್ದಾರೆ. ನಾನು ಫೋನ್ ಮಾಡಿದೆ. ಆಕೆ ಬಂದರು, ಕೈಯಲ್ಲಿ ನೀಟಾಗಿ ಬರೆದ ನಕಲು, ಜೊತೆಗೆ ಒಂದು ಡಬ್ಬಿ ಹುಳಿಪುಡಿ. "ನಿಮ್ಮಮ್ಮಂಗೆ ಹೇಳಪ್ಪ, ಮೆಂತ್ಯ ಜಾಸ್ತಿ ಆಗಿತ್ತು, ತಿದ್ದಿದೀನಿ" ಅಂದರು.

ಹುಡುಗ ಫೋನನ್ನು ಆಕೆಯ ಕಡೆ ತಳ್ಳಿದ. "ಆಂಟಿ, ಅದೊಂದು ನೀವೇ ಫೋನ್ ಮಾಡಿ ಹೇಳ್ಬಿಡಿ" ಅಂದ.

ಒಳಗಿದ್ದವರು

ಮಧ್ಯಾಹ್ನ ಎರಡಕ್ಕೆ ಶಟರ್ ಇಳಿಸಿ, ಮನೇಲಿ ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದು ನಾಲ್ಕಕ್ಕೆ ಬರೋದು ನನ್ನ ಅಭ್ಯಾಸ. ಒಂದು ದಿನ ನಾಲ್ಕಕ್ಕೆ ಬಂದಾಗ ಬಾಗಿಲಲ್ಲಿ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ಯಜಮಾನರು ಬೆಳಗ್ಗೆ ಇಲ್ಲಿಗೆ ಅಂತ ಹೇಳಿ ಬಂದವರು ಊಟಕ್ಕೂ ಬಂದಿಲ್ಲವಂತೆ.

ಆಗ ನನಗೆ ನೆನಪಾಯಿತು. ಹಿಂದಿನ ಸಾಲಿನಲ್ಲಿ ಸ್ಟೂಲಿನ ಮೇಲೆ ಒಬ್ಬರು ಕೂತಿದ್ದರು, ಅವರು ಹೊರಗೆ ಹೋಗಿದ್ದನ್ನು ನಾನು ನೋಡಿರಲಿಲ್ಲ. ಗಡಿಬಿಡಿಯಲ್ಲಿ ಬೀಗ ತೆಗೆದು ಶಟರ್ ಎತ್ತಿದೆ. ನಾನು ಆರಿಸೋಕೆ ಮರೆತಿದ್ದ ಟ್ಯೂಬ್‌ಲೈಟಿನ ಕೆಳಗೆ ಆ ಹಿರಿಯರು ಆರಾಮಾಗಿ ಪುಟ ತಿರುವುತ್ತಿದ್ದರು. ತಲೆ ಎತ್ತಿ ನನ್ನ ನೋಡಿ, "ನೀವು ಊಟಕ್ಕೆ ಹೋಗ್ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದರು.

ನಾನು ಆ ತಾಯಿಯ ಹತ್ತಿರ ಕೈ ಮುಗಿದು ಕ್ಷಮೆ ಕೇಳಿದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ದಿನಾ ಎರಡರಿಂದ ನಾಲ್ಕು ಹೀಗೇ ಬೀಗ ಹಾಕ್ಕೊಳೋಕಾಗುತ್ತಾ? ನಾನೂ ಸ್ವಲ್ಪ ಮಲಗ್ತೀನಿ" ಅಂದರು.

ಮಾರ್ಕ್ಸು

ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ದಿನಾ ಹನ್ನೊಂದಕ್ಕೆ ಬರುತ್ತಿದ್ದರು. ಒಂದು ಪುಸ್ತಕವನ್ನೂ ಕೊಳ್ಳುತ್ತಿರಲಿಲ್ಲ, ನಿಂತೇ ಓದುತ್ತಿದ್ದರು. ಎಷ್ಟೋ ದಿನದ ಮೇಲೆ ಗೊತ್ತಾಯಿತು, ಅವರು ಓದುತ್ತಿರಲಿಲ್ಲ, ತಿದ್ದುತ್ತಿದ್ದರು. ಕೆಂಪು ಪೆನ್ನಿನಲ್ಲಿ ಒತ್ತಕ್ಷರ, ದೀರ್ಘ, ಎಲ್ಲ ಸರಿ ಮಾಡಿ ಕೊನೆಯ ಪುಟದಲ್ಲಿ ಮಾರ್ಕ್ಸ್ ಹಾಕುತ್ತಿದ್ದರು. ನಾನು ಕೇಳೋಣ ಅಂತಿದ್ದೆ. ನನ್ನ ಹೆಂಡತಿಗೆ ಪಾಠ ಹೇಳಿದವರು ಅಂತ ತಿಳಿದ ಮೇಲೆ ಆ ಯೋಚನೆ ಬಿಟ್ಟೆ.

ಒಂದು ದಿನ ಬನಶಂಕರಿಯ ಕಾದಂಬರಿಕಾರರೊಬ್ಬರು ಬಂದರು. ಅರವತ್ತು ದಾಟಿದ್ದರು, ಹೆಗಲ ಮೇಲೆ ಶಾಲು. ತಮ್ಮ ಪುಸ್ತಕ ಹಳೇ ಅಂಗಡಿಗೆ ಬಂದುಬಿಟ್ಟಿದೆಯಾ ಅಂತ ಹೆದರಿಕೊಂಡೇ ಹುಡುಕುತ್ತಿದ್ದರು. ಸಿಕ್ಕಿತು. ಕೊನೆಯ ಪುಟ ತೆರೆದರೆ: '೧೦೦ಕ್ಕೆ ೩೨. ಕಥೆ ನಡುವೆ ನಿದ್ದೆ ಹೋಗಿದೆ.'

ಅವರ ಶಾಲು ಜಾರಿತು. ಯಾರು ಬರೆದದ್ದು ಅಂತ ಕೇಳಿದರು. ನಾನು ತೊದಲುವಷ್ಟರಲ್ಲಿ ಹಿಂದಿನ ಸಾಲಿನಿಂದ ಮೇಷ್ಟ್ರು ಬಂದು, "ನಾನೇ" ಅಂದರು.

ಇದಕ್ಕೆ ಬಹುಮಾನ ಬಂದಿದೆ ಅಂತ ಇವರು. ಕೊಟ್ಟವರು ಓದಿರಲಿಕ್ಕಿಲ್ಲ, ನಾನು ಎರಡು ಸಲ ಓದಿದೀನಿ ಅಂತ ಅವರು. ತಮ್ಮ ಪುಸ್ತಕವನ್ನು ಎರಡು ಸಲ ಓದಿದವರನ್ನು ಕಾದಂಬರಿಕಾರರು ಇದೇ ಮೊದಲು ನೋಡಿದ್ದಿರಬೇಕು. ಸ್ಟೂಲು ಎಳೆದುಕೊಂಡು ಕೂತರು. ಇಬ್ಬರೂ ಪುಟಪುಟ ನೋಡಿದರು. ಮೂರನೇ ಅಧ್ಯಾಯದಲ್ಲಿ ತೀರಿಕೊಂಡ ಚಿಕ್ಕಪ್ಪ ಒಂಬತ್ತನೆಯದರಲ್ಲಿ ಕಾಫಿ ಕುಡಿಯುತ್ತಿದ್ದ. ಪ್ರೆಸ್ಸಿನವರ ತಪ್ಪು ಅಂದರು ಇವರು. ಕಾಫಿಗೆ ಸಕ್ಕರೆ ಕಮ್ಮಿ ಅಂತಾನೂ ಹೇಳ್ತಾನಲ್ಲ ಅಂದರು ಮೇಷ್ಟ್ರು.

ಒಂದೂವರೆಯವರೆಗೆ ನಡೆಯಿತು. ಕೊನೆಗೆ ಕಾದಂಬರಿಕಾರರು ದನಿ ತಗ್ಗಿಸಿ, "ಪಾಸಿಗೆ ಮೂರೇ ಸಾರ್ ಕಮ್ಮಿ" ಅಂದರು.

ಮೇಷ್ಟ್ರು ಪೆನ್ನಿನ ಕ್ಯಾಪ್ ಹಾಕಿ, ಮೂವತ್ತು ವರ್ಷದ ಅಭ್ಯಾಸದಲ್ಲಿ, "ಸುಮ್ನೆ ಹಾಕೋಕಾಗಲ್ಲ. ನಾಳೆ ಮನೆಯಿಂದ ದೊಡ್ಡೋರನ್ನ ಕರ್ಕೊಂಡ್ ಬಾ" ಅಂದುಬಿಟ್ಟರು. ಅಂದ ಮೇಲೆ ಅವರೇ ನಾಲಿಗೆ ಕಚ್ಚಿಕೊಂಡರು. ಕಾದಂಬರಿಕಾರರು ಶಾಲು ಎಳೆದುಕೊಂಡು ಎದ್ದುಹೋದರು. ಮನಸ್ಸಿಗೆ ನೋವಾಯ್ತೇನೋ ಅಂತ ಮೇಷ್ಟ್ರು ಇಡೀ ಸಂಜೆ ಪೇಚಾಡಿದರು.

ಮಾರನೇ ದಿನ ಹನ್ನೊಂದಕ್ಕೆ ಸರಿಯಾಗಿ ಅಂಗಡಿ ಮುಂದೆ ಆಟೋ ನಿಂತಿತು. ಕಾದಂಬರಿಕಾರರು ಇಳಿದು, ಎಂಬತ್ತು ದಾಟಿದ ತಮ್ಮ ತಾಯಿಯನ್ನು ಕೈ ಹಿಡಿದು ಇಳಿಸಿದರು. ಆಯಮ್ಮ ಕಣ್ಣು ಕಿರಿದು ಮಾಡಿ ಅಂಗಡಿಯೆಲ್ಲ ನೋಡಿ, ಇವರಲ್ಲಿ ಮೇಷ್ಟ್ರು ಯಾರಪ್ಪಾ ಅಂತ ಮಗನನ್ನು ಕೇಳಿದರು. ಮಗ ತಲೆ ತಗ್ಗಿಸಿಕೊಂಡು ಬೆರಳು ತೋರಿಸಿದರು.

"ಚಿಕ್ಕೋನಿದ್ದಾಗಿಂದ್ಲೂ ಹೀಗೇ ಮೇಷ್ಟ್ರೇ, ಹೇಳಿದ ಮಾತು ಕೇಳಲ್ಲ" ಅಂದರು ಆಕೆ. "ನಿಮ್ಮ ಕೈಗೆ ಒಪ್ಪಿಸಿದೀನಿ. ಎರಡು ಏಟು ಬಿಟ್ರೂ ನಾನು ಕೇಳೋಕೆ ಬರಲ್ಲ."