ಮಧುಗಿರಿ ಬೆಟ್ಟವನ್ನು ಬಲಕ್ಕೆ ತಿರುಗಿಸಲು ಹೋಗಿ

ಜೂನ್ 14, ಶನಿವಾರ, ಬೆಳಗ್ಗೆ 9.10. ‘ಇಪ್ಪತ್ತು ನಿಮಿಷದ ಕೆಲಸ’ ಎಂದು ಡೈರಿಯಲ್ಲಿ ಬರೆದುಕೊಂಡು ಕುಳಿತೆ.

ನಾನೂ ಗೆಳೆಯ ನಾಗರಾಜನೂ ಹನ್ನೊಂದು ಭಾನುವಾರ ಮೊಬೈಲ್ ಹಿಡಿದು ಮಧುಗಿರಿ ಬೆಟ್ಟ ಹತ್ತಿ, ಎತ್ತರಗಳನ್ನು ಅಳೆದು, ಕಂಪ್ಯೂಟರಿನಲ್ಲಿ ಬೆಟ್ಟದ ಚಿತ್ರ ಮಾಡಿದ್ದೆವು. ಮೌಸ್ ಎಳೆದರೆ ಬೆಟ್ಟ ತಿರುಗುತ್ತದೆ. ಅಷ್ಟರಲ್ಲಿ ಅವನಿಗೆ ಶಿರಾಕ್ಕೆ ವರ್ಗವಾಯಿತು. ಅಲ್ಲಿ ಅವನಿಗೆ ಆಫೀಸಿನವರು ದುಡ್ಡು ಕೊಟ್ಟು ತಂದ ತಂತ್ರಾಂಶ. ನನ್ನದು ಬಿಟ್ಟಿ ಸಿಗುವುದು. ಮೌಸನ್ನು ಬಲಕ್ಕೆ ಎಳೆದರೆ ಅವನ ಬೆಟ್ಟ ಬಲಕ್ಕೆ, ನನ್ನದು ಎಡಕ್ಕೆ!

“ಎರಡೂ ಒಂದೇ ತರ ಮಾಡ್ಲಾ. ಭಾನುವಾರ ಬಂದು ಉಳಿದಿದ್ದು ಮುಗಿಸ್ಬುಡ್ತೀನಿ” ಎಂದು ಫೋನಿನಲ್ಲಿ ಹೇಳಿದ್ದ. ಅವನು ನನ್ನ ಕೋಣೆಗೆ ಕೊನೆಯ ಸಲ ಬಂದು ಐದು ತಿಂಗಳಾಗಿತ್ತು.

ಬಿಟ್ಟಿ ತಂತ್ರಾಂಶದೊಳಗೆ ಯಾರು ಬೇಕಾದರೂ ಕೈ ಹಾಕಬಹುದು. ಹಾಕಿದೆ. ಅದರ ಕೋಡಿನ ಒಂದು ಸಾಲಿನಿಂದ ಮೈನಸ್ ಚಿಹ್ನೆ ತೆಗೆದೆ. ಸರಿಹೋಯಿತು! ಗಂಟೆ 9.28.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮನೆ ಓನರ್ ಗಂಗಮ್ಮನವರು ಕಾಫಿ ತಂದರು. ಬೆಟ್ಟವನ್ನು ಎರಡೂ ಕಡೆ ತಿರುಗಿಸಿ ತೋರಿಸಿದೆ.

“ಅಯ್ಯೋ, ಅಂಗೆ ಸುತ್ತಬ್ಯಾಡ ಕಣಪ್ಪಾ! ಅಪ್ರದಕ್ಷಿಣೆ ಆಯ್ತದೆ.”

“ನಾವು ಸುತ್ತಲ್ಲ ಆಂಟಿ, ಬೆಟ್ಟ ತಿರುಗುತ್ತೆ.”

“ಬೆಟ್ಟ ಎಲ್ಲಾನ ತಿರುಗ್ತದಾ? ಒಟ್ಟೆಗೆ ಸರ್ಯಾಗಿ ತಿನ್ನಲ್ಲ, ಅದ್ಕೇ ಇಂಗಾಡ್ತೀಯ!”

ಬೈಯುತ್ತಲೇ ನಲವತ್ತು ನಿಮಿಷ ಕುಳಿತರು. ಈ ವರ್ಷ ನನ್ನ ಕೋಣೆಯಲ್ಲಿ ಅಷ್ಟು ಹೊತ್ತು ಯಾರೂ ಕುಳಿತಿರಲಿಲ್ಲ. ಆದ್ದರಿಂದ ಅವರ ಸಲಹೆಯನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು. ಮೌಸನ್ನು ಎತ್ತ ಎಳೆದರೂ ಪ್ರದಕ್ಷಿಣೆಯೇ ಆಗುವಂತೆ ಬರೆದೆ. ನಾಗರಾಜ ಬರುವ ಮೊದಲು ತೆಗೆದರಾಯಿತು ಎಂದುಕೊಂಡೆ. ಭಾನುವಾರ ಕೋಣೆ ಗುಡಿಸಿ, ಎರಡನೇ ಕುರ್ಚಿಯ ಮೇಲಿನ ಬಟ್ಟೆ ತೆಗೆಯುವ ಸಂಭ್ರಮದಲ್ಲಿ ಮರೆತೆ.

12.30ಕ್ಕೆ ಬಂದ ನಾಗರಾಜ ಮೌಸನ್ನು ಎಡಕ್ಕೆ ಎಳೆದ. ಬೆಟ್ಟ ಬಲಕ್ಕೆ ಹೋಯಿತು.

“ಲೇ, ವಾಪಸ್ ಬರೋದು ಹೆಂಗ್ಲಾ?”

“ಪೂರ್ತಿ ಒಂದು ಸುತ್ತು ಹಾಕ್ಬೇಕು.”

“ಕಂಪ್ಯೂಟರೋ ಗುಡಿಯೋ ಇದು?”

ಅವನೆದುರೇ ಸರಿಪಡಿಸಲು ಹೋದೆ. ಮೂರನೇ ಪ್ರಯತ್ನಕ್ಕೆ ಬೆಟ್ಟ ತಲೆಕೆಳಗಾಯಿತು! ನಾಗರಾಜ ಕಣ್ಣೀರು ಬರುವಷ್ಟು ನಕ್ಕ. ಆಮೇಲೆ ಗಡಿಯಾರ ನೋಡಿದ.

“ಸರಿಹೋದ್ಮೇಲೆ ಫೋನ್ ಮಾಡ್ಲಾ, ಬತ್ತೀನಿ.”

1.40ರ ಬಸ್ಸಿಗೆ ಹೋದ. ಭೇಟಿಯ ಅವಧಿ: ಒಂದು ಗಂಟೆ ಹತ್ತು ನಿಮಿಷ, ತಲೆಕೆಳಗಾದ ಬೆಟ್ಟವೂ ಸೇರಿ.

ತಂತ್ರಾಂಶವನ್ನು ಹೊಸದಾಗಿ ಇಳಿಸಿಕೊಂಡು ಮೊದಲಿನಿಂದ ಶುರುಮಾಡಿದೆ. ಆದರೆ ಗಂಟೆ, ನಿಮಿಷ ಎಲ್ಲಾ ಬರೆದಿಟ್ಟ ನಾನು, ಅಂದು ಯಾವ ಸಾಲಿನ ಮೈನಸ್ ತೆಗೆದೆ ಎಂಬುದೊಂದನ್ನು ಬರೆದಿರಲಿಲ್ಲ! ಒಳಗೆ ಮೈನಸ್‌ಗಳು ನೂರಾರಿವೆ. ಇಲ್ಲಿಯವರೆಗೆ ತೆಗೆದು ನೋಡಿದ್ದು 31. ಬೆಟ್ಟ ತಲೆಕೆಳಗಾದದ್ದು ಒಂಬತ್ತು ಸಲ, ಪೂರ್ತಿ ಮಾಯವಾದದ್ದು ನಾಲ್ಕು ಸಲ. ನಾಗರಾಜನಿಗೆ ಫೋನ್ ಮಾಡಿದ್ದು ಸೊನ್ನೆ.

ಈ ವಿಷಯ ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ತಿಳಿಯದವರೂ ಬರೆಯಬಹುದು, ಬೆಟ್ಟದ ಬಗ್ಗೆಯೇ ಆಗಬೇಕೆಂದಿಲ್ಲ.