ಮಾಜಿ ಮಂತ್ರಿಯೂ ಹಾಲವ್ವನ ಹತ್ತು ಬೆರಳೂ

ಮಂತ್ರಿಯೊಬ್ಬರ ಪರಿಚಯವಿದ್ದರೆ ಮನೆಯಲ್ಲಿ ಚಹಾಪುಡಿ ಬೇಗ ಮುಗಿಯುತ್ತದೆ. ಮಾಜಿ ಮಂತ್ರಿಯ ಪರಿಚಯವಿದ್ದರೆ ಇನ್ನೂ ಬೇಗ ಮುಗಿಯುತ್ತದೆ. ಮೊದಲನೆಯವರ ಹೆಸರು ಹೇಳಿಕೊಂಡು ಬಂದವರಿಗೆ ಚಹಾ ಕೊಡಬೇಕು. ಎರಡನೆಯವರು ತಾವೇ ಬಂದು ಕೂಡುತ್ತಾರೆ. ಎರಡೂ ಕಾಲವನ್ನು ಕಂಡ ನನ್ನ ಹೆಂಡತಿ ಸುಮಂಗಲಾ, ಯಾವುದು ಹೆಚ್ಚು ಕಷ್ಟದ್ದೆಂದು ಇನ್ನೂ ತೀರ್ಮಾನಿಸಿಲ್ಲ.

ನನ್ನ ಪರಿಚಯದ ಮಂತ್ರಿ ಮೈಲಾರಪ್ಪ. ಅವನದು ಯಾವ ಕ್ಷೇತ್ರ, ನಮ್ಮದು ಯಾವ ಊರು ಎಂದು ಕೇಳಬೇಡಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ಒಂದು ಎಂದಷ್ಟೇ ಹೇಳಬಲ್ಲೆ. ಮುಂದೆ ಒಂದು ಸರ್ಕಾರಿ ಕಚೇರಿಯ ಮಾತು ಬರಲಿದೆ. ಊರ ಹೆಸರು ಹೇಳಿದರೆ ನಾಳೆ ನನ್ನ ರೇಷನ್ ಕಾರ್ಡಿಗೇ ಏನಾದರೂ ಆದೀತು.

ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಯಾರೂ ಎದುರು ನಿಲ್ಲದ ಕಾರಣ ಅವನು ಕ್ಲಾಸ್ ಲೀಡರ್ ಆದ. ಮೇಷ್ಟರಿಲ್ಲದಾಗ ಗಲಾಟೆ ಮಾಡುವವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಲೀಡರ್ ಕೆಲಸ. ಅವನು ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ. ಬದಲಿಗೆ ಒಬ್ಬೊಬ್ಬರ ಕಿವಿಯಲ್ಲೂ ಬೇರೆ ಬೇರೆಯಾಗಿ, "ನಿನ್ನ ಹೆಸರು ಬರೀಲಿಲ್ಲ ನೋಡಲೇ" ಎಂದು ಹೇಳುತ್ತಿದ್ದ. ಇವನು ಮುಂದೆ ಏನಾಗುತ್ತಾನೆಂದು ಆಗಲೇ ಗೊತ್ತಾಗಬೇಕಿತ್ತು. ಗ್ರಾಮ ಪಂಚಾಯ್ತಿ ಸದಸ್ಯನಾದ, ಜಿಲ್ಲಾ ಪಂಚಾಯ್ತಿಗೆ ಹೋದ, ಎರಡು ಸಲ ಶಾಸಕನಾದ, ಕೊನೆಗೆ ಹದಿನಾಲ್ಕು ತಿಂಗಳು ಮಂತ್ರಿಯೂ ಆದ. ಅವನ ಖಾತೆಯ ಹೆಸರು ಬಾಗಿಲ ಮೇಲಿನ ಫಲಕದಲ್ಲಿ ಹಿಡಿಯದಷ್ಟು ಉದ್ದವಿತ್ತು. ಖಾತೆಯ ಕೆಲಸ ಅಷ್ಟು ಉದ್ದವಿರಲಿಲ್ಲ. ಆದರೂ ಆ ಹದಿನಾಲ್ಕು ತಿಂಗಳು ನಾನು ಬೀದಿಯಲ್ಲಿ ನಡೆಯುವ ಠೀವಿ ಬೇರೆಯೇ ಆಗಿತ್ತಂತೆ. ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ನನಗೆ ಪ್ರಿನ್ಸಿಪಾಲರೇ ಎದ್ದು ಕುರ್ಚಿ ಕೊಡುತ್ತಿದ್ದರು.

ಕಳೆದ ಚುನಾವಣೆಯಲ್ಲಿ ಮೈಲಾರಪ್ಪ ಸೋತ. ಮೊದಲ ವಾರ ಸಮಾಧಾನ ಹೇಳಲು ಜನ ಬಂದರು, ಎರಡನೆಯ ವಾರ ಫೋನು ಬಂದವು, ಮೂರನೆಯ ವಾರ ಬರೀ ಪೇಪರಿನವನು ಬಂದ. ನಾಲ್ಕನೆಯ ವಾರದಿಂದ ಮೈಲಾರಪ್ಪ ನಮ್ಮ ಮನೆಗೆ ಬರತೊಡಗಿದ. ನಾನು ಆ ಹೊತ್ತಿಗೆ ನಿವೃತ್ತನಾಗಿದ್ದೆ. ಅವನು ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಪಡಸಾಲೆಯಲ್ಲಿ ಕೂತನೆಂದರೆ ಊಟದ ಹೊತ್ತಿಗೂ ಏಳುತ್ತಿರಲಿಲ್ಲ. ಸುಮಂಗಲಾ ಒಳಗಿನಿಂದ "ಮಿಕ್ಸಿ ಕೆಟ್ಟೈತ್ರಿ" ಎಂದು ನನಗೆ ಕೂಗಿದರೆ, ನನಗಿಂತ ಮೊದಲು ಅವನೇ ಉತ್ತರಿಸುತ್ತಿದ್ದ: "ಈ ವಿಷಯ ನಮ್ಮ ಗಮನಕ್ಕ ಬಂದೈತಿ ತಂಗಿ."

ಮೂರು ದಿನ ತಡೆದುಕೊಂಡ ಸುಮಂಗಲಾ ನಾಲ್ಕನೆಯ ದಿನ ಒಂದು ಬುಟ್ಟಿ ಬೆಳ್ಳುಳ್ಳಿ ತಂದು ಅವನ ಮುಂದಿಟ್ಟಳು. "ಅಣ್ಣಾರ, ಗಮನಕ್ಕ ಬಂದದ್ದು ಸಾಕು, ಕೈಗೂ ಸ್ವಲ್ಪ ಬರ್ಲಿ. ಸುಲೀರಿ."

ಮಾಜಿ ಮಂತ್ರಿ ಬೆಳ್ಳುಳ್ಳಿ ಸುಲಿಯಲು ಕೂತ. ನಾನು ಮುಖಕ್ಕೆ ಪೇಪರು ಹಿಡಿದೆ.

ಅದೇ ಹೊತ್ತಿಗೆ ರೊಟ್ಟಿ ಹಾಲವ್ವ ಬಂದಳು. ನಮ್ಮ ಓಣಿಯವಳೇ. ಜೋಳದ ರೊಟ್ಟಿ ಬಡಿದು ಮನೆಮನೆಗೆ, ಖಾನಾವಳಿಗೆ ಕೊಟ್ಟು ಮೂರು ಹೊಟ್ಟೆ ಹೊರೆಯುವಾಕೆ. ರೊಟ್ಟಿ ಕೊಟ್ಟು, ಮೈಲಾರಪ್ಪನನ್ನು ಕಂಡು, ಸೆರಗು ಸರಿಮಾಡಿಕೊಂಡು ನಿಂತಳು. "ಸಾಹೇಬ್ರ, ನಮ್ಮ ರೇಷನ್ ಅಂಗಡ್ಯಾಗ ಆ ಮಿಷನ್ನು ನೀವ ಚಾಲೂ ಮಾಡಿದ್ರಲ್ರಿ. ಬೆರಳೊಂದಿದ್ರ ಸಾಕು, ಅಕ್ಕಿ ಮನಿಗಿ ಬರ್ತೈತಿ ಅಂದಿದ್ರಿ. ನಾನು ಹತ್ತೂ ಒಯ್ದೀನ್ರಿ. ಒಂದೂ ಸಾಲವಲ್ದು."

ಅವಳು ಕೈ ಚಾಚಿದಳು. ಕಾದ ಹಂಚಿನ ಮುಂದೆ ಮೂವತ್ತು ವರ್ಷ ರೊಟ್ಟಿ ಬಡಿದ ಕೈ. ಬೆರಳ ತುದಿಗಳು ಸವೆದು ನದಿಯ ಹರಳಿನಂತೆ ನುಣ್ಣಗಾಗಿದ್ದವು, ಗೆರೆಯೇ ಇರಲಿಲ್ಲ. ಯಂತ್ರ ಅವಳನ್ನು ಗುರುತಿಸಲು ನಿರಾಕರಿಸಿ ಎರಡು ತಿಂಗಳಾಗಿತ್ತು. ಇನ್ನೊಂದು ತಿಂಗಳು ಹೀಗೇ ಆದರೆ ಕಾರ್ಡೇ ರದ್ದಾಗುತ್ತದೆ ಎಂದು ಅಂಗಡಿಯವನು ಹೆದರಿಸಿದ್ದ. ಸದನದಲ್ಲಿ ಯಾರು ಎಷ್ಟು ಕೂಗಿದರೂ ಬಣ್ಣ ಬದಲಿಸದ ಮೈಲಾರಪ್ಪನ ಮುಖ ಕೆಂಪಾಯಿತು. ಬೆಳ್ಳುಳ್ಳಿ ಬುಟ್ಟಿ ಬದಿಗಿಟ್ಟು ಎದ್ದ. "ಲೇ ಕೊಟ್ರ್ಯಾ, ಚಪ್ಪಲಿ ಮೆಟ್ಗೋ. ತಾಲೂಕ ಆಫೀಸಿಗಿ ಹೋಗೂಣು" ಎಂದು ನನ್ನನ್ನು ಎಬ್ಬಿಸಿದ.

ಕಚೇರಿಯಲ್ಲಿ ಅವನು ಅಭ್ಯಾಸಬಲದಿಂದ ನಗುತ್ತಾ, ಎರಡೂ ಕಡೆ ಕೈಮುಗಿಯುತ್ತಾ ನೇರ ಕಿಟಕಿಯ ಹತ್ತಿರ ಹೋದ. ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಏನಣ್ಣ, ಇಷ್ಟು ಮಂದಿ ನಿಂತದ್ದು ಕಾಣವಲ್ದೇನು? ಹಿಂದಕ್ಕ ಹೋಗು" ಎಂದಳು. ಅವಳು ಯಾರಿಗೆ ಹೇಳುತ್ತಿದ್ದಾಳೆಂದು ಅವನು ತಿರುಗಿ ನೋಡಿದ. ಹಿಂದೆ ನಾನೊಬ್ಬನೇ ಇದ್ದೆ. ನಾನು ಆಗ ಬಹಳ ಆಸಕ್ತಿಯಿಂದ ಹೊರಗಿನ ಬೇವಿನ ಮರ ನೋಡುತ್ತಿದ್ದೆ.

ಸಾಲಿನ ತುದಿಯಲ್ಲಿ ಆಗಲೇ ನಿಂತಿದ್ದ ಹಾಲವ್ವನ ಜೊತೆ ಎರಡೂವರೆ ತಾಸು ನಿಂತೆವು. ಕಿಟಕಿಯೊಳಗಿನ ಗುಮಾಸ್ತ ಬೇರೆ ಕಡೆಯಿಂದ ಹೊಸದಾಗಿ ಬಂದವನು. "ನೀವ್ಯಾರು? ಈ ಅಜ್ಜಿಗೆ ಏನಾಗ್ಬೇಕು?" ಎಂದ. ನಾನು ಗಂಟಲು ಸರಿಮಾಡಿಕೊಂಡು "ಇವರು ಮಾಜಿ..." ಎನ್ನುವಷ್ಟರಲ್ಲಿ ಮೈಲಾರಪ್ಪ ನನ್ನ ಕೈ ಅದುಮಿದ.

"ತಮ್ಮ ಆಗ್ಬೇಕ್ರಿ."

"ಸ್ವಂತ ತಮ್ಮ ಆಗಿ ಇಷ್ಟು ದಿನ ಎಲ್ಲಿದ್ರಿ?"

"ಬೆಂಗ್ಳೂರಾಗ ಇದ್ನಿರಿ."

ಹಾಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುಮಾಸ್ತ ಗುರುವಾರ ಬನ್ನಿ ಎಂದ. ಗುರುವಾರ ಹೋದರೆ ಅರ್ಜಿ ಬೇಕೆಂದ. ಮೈಲಾರಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತು ಸ್ವಂತ ಕೈಯಿಂದ ಅರ್ಜಿ ಬರೆದ. ಎಷ್ಟೋ ವರ್ಷ ಸಹಿ ಬಿಟ್ಟು ಬೇರೇನೂ ಬರೆಯದ ಕೈ. "ಆತ್ಮೀಯ ಬಂಧು ಬಾಂಧವರೇ" ಎಂದು ಶುರುಮಾಡಿದ್ದ. ನಾನು ಹೊಡೆದುಹಾಕಿ "ಮಾನ್ಯರೇ" ಎಂದು ತಿದ್ದಿದೆ. ಅಂದು ಅವನಿಗೆ ಒಮ್ಮೆ ತಾಳ್ಮೆ ತಪ್ಪಿತು. ಮಂತ್ರಿಯಾಗಿದ್ದಾಗ ತಾನೇ ಆಸೆಪಟ್ಟು ಈ ಕಡೆಗೆ ವರ್ಗ ಮಾಡಿಸಿಕೊಂಡಿದ್ದ ಒಬ್ಬ ದೊಡ್ಡ ಅಧಿಕಾರಿಗೆ ಫೋನು ಮಾಡಿದ. ಮೂರು ಸಲ ರಿಂಗಾಗಿ ಕಟ್ಟಾಯಿತು. ಮತ್ತೆ ಮಾಡಿದ. ಈ ಸಲ ಒಂದೇ ರಿಂಗು. ಫೋನನ್ನು ಜೇಬಿಗಿಟ್ಟುಕೊಂಡು ಹೋಗಿ ಸಾಲಿನ ತುದಿಯಲ್ಲಿ ನಿಂತ. ಆಗ ಮಾತ್ರ ನನಗೆ ನಗು ಬರಲಿಲ್ಲ. ನಾನೂ ಹೋಗಿ ಅವನ ಹಿಂದೆ ನಿಂತೆ.

ಬೆರಳಚ್ಚು ಮೂಡದವರಿಗೆ ಕಣ್ಣಿನ ಗುರುತು ಹಿಡಿಯುವ ಇನ್ನೊಂದು ಯಂತ್ರವಿದೆಯೆಂಬುದು ಮೂರನೆಯ ಗುರುವಾರ ತಿಳಿಯಿತು. ಅದು ಕಪಾಟಿನಲ್ಲಿತ್ತು, ಕೀಲಿ ರಜೆಯ ಮೇಲಿದ್ದವರ ಹತ್ತಿರವಿತ್ತು. ನಾಲ್ಕನೆಯ ಗುರುವಾರ ಕಪಾಟು ತೆರೆಯಿತು. ಹಾಲವ್ವ ಉಸಿರು ಬಿಗಿಹಿಡಿದು ಯಂತ್ರದೊಳಗೆ ಕಣ್ಣಿಟ್ಟಳು. ಹಸಿರು ದೀಪ ಹತ್ತಿತು. "ಹಿಡೀತ್ರೀ!" ಎಂದು ಅವಳು ಕೂಗಿದ ಕೂಗಿಗೆ ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿತು. ಮೈಲಾರಪ್ಪ ರೂಢಿಯಂತೆ ಎಲ್ಲರಿಗೂ ಕೈಮುಗಿಯಲು ಹೋಗಿ, ಚಪ್ಪಾಳೆ ತನಗಲ್ಲವೆಂದು ತಿಳಿದು, ತಾನೂ ತಟ್ಟಿದ.

ಮರುದಿನ ಹಾಲವ್ವ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಳು. "ಮುಂದಿನ ಸಲ ಮತ್ತ ನಿಲ್ತೀರೇನ್ರಿ ಸಾಹೇಬ್ರ?" ಎಂದು ಕೇಳಿದಳು.

"ನಿಲ್ಲೋದು ಅಂದ್ರ ಏನು ಅಂತ ಈಗ ಕಲಿತೀನಿ ನೋಡು ಯಕ್ಕ" ಎಂದ ಮೈಲಾರಪ್ಪ, ರೊಟ್ಟಿ ಮುರಿಯುತ್ತಾ.

ಪಕ್ಷ ಅವನಿಗೆ ಮತ್ತೆ ಟಿಕೆಟ್ ಕೊಡುತ್ತದೋ ಇಲ್ಲವೋ ಗೊತ್ತಿಲ್ಲ. ಅವನೂ ಆ ಮಾತು ಎತ್ತುವುದಿಲ್ಲ. ಈಗ ನಮ್ಮ ಪಡಸಾಲೆಗೂ ಬರುವುದಿಲ್ಲ. ಹತ್ತಕ್ಕೆ ಕಚೇರಿಯ ಕಟ್ಟೆಯ ಮೇಲೆ ಹಾಜರು. ಯಾರದೋ ಪಹಣಿ, ಯಾರದೋ ಹೆಸರಿನ ತಿದ್ದುಪಡಿ. ಅವನ ಅರ್ಜಿಗಳಲ್ಲಿ ಈಗ ನನಗೆ ತಿದ್ದಲು ಏನೂ ಸಿಗುತ್ತಿಲ್ಲ. ಹತ್ತಿಪ್ಪತ್ತು ಜನ ಅವನನ್ನು ಸುತ್ತುವರಿದದ್ದನ್ನು ಕಂಡು, ನಾಲ್ಕು ಗುರುವಾರ ನಾನೂ ನಿಂತಿದ್ದೆನಲ್ಲ ಎಂಬ ಹುರುಪು ನನಗೂ ಬಂತು. ಮೊನ್ನೆ ಊಟಕ್ಕೆ ಕೂತಾಗ ಸುಮಂಗಲಾಳಿಗೆ ಮೆಲ್ಲಗೆ ಹೇಳಿದೆ: "ನಮ್ಮ ವಾರ್ಡಿನಿಂದ ಪುರಸಭೆಗೆ ನಾನ ಯಾಕ ನಿಲ್ಲಬಾರ್ದು?"

ಅವಳು ಅನ್ನ ಬಡಿಸುವ ಕೈ ನಿಲ್ಲಿಸಲಿಲ್ಲ. "ನಿಲ್ರಿ, ಬ್ಯಾಡ ಅನ್ನಂಗಿಲ್ಲ. ಎದುರಿಗಿ ಯಾರು ನಿಲ್ತಾರ ಅನ್ನೋದು ಮೊದ್ಲು ಗೊತ್ತಾಗ್ಲಿ. ಆಮ್ಯಾಲ ಯಾರಿಗಿ ಹಾಕ್ಬೇಕು ಅಂತ ನೋಡ್ತೀನಿ."

ಮೂವತ್ತೊಂದು ವರ್ಷದಿಂದ ಉಂಡು ಮಲಗುತ್ತಿರುವ ಮನೆಯೇ ನನಗೆ ಸುರಕ್ಷಿತ ಕ್ಷೇತ್ರವಲ್ಲವೆಂದು ಅಂದು ತಿಳಿಯಿತು. ನಾನು ತೆಪ್ಪಗೆ ಸಾರು ಹಾಕಿಸಿಕೊಂಡೆ.